ನಾಳೆಯ ಮಾತು, ನಮ್ಮವರ ಮಾತು



ನಾನು ಕನ್ನಡ ಪಂಡಿತ. ಪ್ರೌಢಶಾಲೆಯ ಮಕ್ಕಳಿಗೆ ಸಂಧಿ, ಸಮಾಸ, ವಿಭಕ್ತಿಗಳನ್ನು ಹೇಳಿಕೊಡುತ್ತ ಐವತ್ತು ದಾಟಿದವನು. ಇಂಥವನು ಇಟಲಿ ದೇಶದ ಭಾಷೆಯ ವ್ಯಾಕರಣವನ್ನು ಕುರಿತು ಮಾತನಾಡಲು ಹೊರಟಿದ್ದಾನೆಂದರೆ ನಿಮಗೆ ಸೋಜಿಗವಾಗಬಹುದು. ಸೋಜಿಗ ನನಗೂ ಆಗಿದೆ. ಆದರೆ ಇದಕ್ಕೆ ಕಾರಣ ನಾನಲ್ಲ, ನಮ್ಮೂರಿನ ಒಬ್ಬ ಹುಡುಗ.

ನಮ್ಮೂರು ಸೊಕ್ಕೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿಗೆ ಸೇರಿದ್ದು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚಿತ್ರದುರ್ಗದ ಜಿಲ್ಲೆಯಲ್ಲಿತ್ತು. ಮಳೆಯನ್ನು ನಂಬಿದ ಸೀಮೆ. ಮೋಡ ನೋಡಿ ಬಿತ್ತುವವರು ನಾವು. ಆ ಊರಿನಿಂದ, ನನ್ನ ಕೈಯಲ್ಲಿ ಕನ್ನಡ ಕಲಿತ ಹುಡುಗನೊಬ್ಬ ಇಂಜಿನಿಯರಿಂಗ್ ಓದಿ, ಮುಂದಿನ ವ್ಯಾಸಂಗಕ್ಕಾಗಿ ಇಟಲಿಗೆ ಹೊರಟ. ಹೊರಡುವುದಕ್ಕೆ ಮೂರು ತಿಂಗಳು ಮುಂಚೆ ಒಂದು ಸಂಜೆ ನಮ್ಮ ಮನೆಗೆ ಬಂದ. ಕೈಯಲ್ಲಿ ಇಟಾಲಿಯನ್ ಭಾಷೆಯ ಪ್ರವೇಶಪುಸ್ತಕ.

“ಸಾರ್, ಎರಡು ಪಾಠ ತಲೆಗೆ ಹತ್ತುತ್ತಾ ಇಲ್ಲ. ಒಂದು, ಮುಂದೆ ನಡೆಯೋದನ್ನ ಹೇಳೋ ಪಾಠ. ಇನ್ನೊಂದು, ಮನೆಯವರ ಬಗ್ಗೆ ಹೇಳೋ ಪಾಠ. ನೀವು ವ್ಯಾಕರಣದವರು, ನೋಡಿ ಹೇಳಬೇಕು” ಎಂದ.

“ನನಗೆ ಆ ಭಾಷೆ ಬರುವುದಿಲ್ಲವಲ್ಲಪ್ಪ” ಎಂದೆ.

“ಭಾಷೆ ಬೇಡ ಸಾರ್, ವ್ಯಾಕರಣ ಬಂದ್ರೆ ಸಾಕು” ಎಂದ.

ಮಾತು ಸರಿಯಾಗಿಯೇ ಇತ್ತು. ಇಟಲಿಯವರು ನಮ್ಮ ನಾಡಿಗೆ ಬಂದು ನಮ್ಮ ನುಡಿಗಳನ್ನು ಕಲಿಯಲಿಲ್ಲವೆ? 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಇಟಲಿಯ ಜೆಸುಯಿಟ್ ಪಾದ್ರಿಗಳ ಪಂಗಡಕ್ಕೆ ಸೇರಿದ ಆಂಜೆಲೊ ಮಾಫೆಯಿ ಎಂಬವರು ಕೊಂಕಣಿಯನ್ನು ಕಲಿತು, 1882ರಲ್ಲಿ ಅದಕ್ಕೊಂದು ವ್ಯಾಕರಣವನ್ನೂ, 1883ರಲ್ಲಿ ನಿಘಂಟನ್ನೂ ಅಚ್ಚು ಮಾಡಿಸಿದರು. ಅವರು ಸಮುದ್ರ ದಾಟಿ ಬಂದು ನಮ್ಮವರ ಮಾತಿಗೆ ವ್ಯಾಕರಣ ಬರೆದಿರುವಾಗ, ನಾನು ಮನೆಯ ಜಗಲಿಯ ಮೇಲೆ ಕುಳಿತು ಅವರ ಎರಡು ಪಾಠಗಳನ್ನು ನೋಡಲಾರೆನೆ? ಹೀಗೆ ಶಿಷ್ಯನಿಗೆ ಗುರುವಾಗಲು ಹೋಗಿ ನಾನೇ ಶಿಷ್ಯನಾದೆ. ಆ ಮೂರು ತಿಂಗಳಲ್ಲಿ ಇಟಾಲಿಯನ್ ಭಾಷೆಯನ್ನು ನಾನು ಕಲಿತದ್ದು ಕೊಂಚ. ಕನ್ನಡವನ್ನು ಕಲಿತದ್ದು ಹೆಚ್ಚು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಮನೆಯವರ ಪಾಠ.

ಇಟಾಲಿಯನ್ ಭಾಷೆಯಲ್ಲಿ ‘ನನ್ನ ಪುಸ್ತಕ’ ಎನ್ನಬೇಕಾದರೆ ‘ಇಲ್ ಮಿಯೊ ಲಿಬ್ರೊ’ ಎನ್ನಬೇಕು. ‘ಮಿಯೊ’ ಎಂದರೆ ನನ್ನ, ‘ಲಿಬ್ರೊ’ ಎಂದರೆ ಪುಸ್ತಕ. ಮುಂದಿರುವ ‘ಇಲ್’ ಎಂಬುದು ಇಂಗ್ಲಿಷಿನ ‘ದಿ’ ಇದ್ದಂತೆ, ಹೆಸರಿನ ಹಿಂದೆ ನಿಲ್ಲುವ ಒಂದು ಪುಟ್ಟ ಪದ. ‘ನನ್ನ ಮನೆ’ ಎನ್ನಲು ‘ಲಾ ಮಿಯಾ ಕಾಸಾ’. ಮನೆ ಎಂಬುದು ಅವರಲ್ಲಿ ಸ್ತ್ರೀಲಿಂಗವಾದ್ದರಿಂದ ‘ಇಲ್’ ಹೋಗಿ ‘ಲಾ’ ಬಂದಿತು. ಪುಸ್ತಕ, ಮನೆ, ಹೊಲ, ಸ್ನೇಹಿತ, ಯಾವುದೇ ಆಗಲಿ, ‘ನನ್ನ’ ಎಂದು ಹೇಳುವಾಗ ಈ ಪುಟ್ಟ ಪದ ಮುಂದೆ ಇರಲೇಬೇಕು.

ಆದರೆ ‘ನನ್ನ ತಂದೆ’ ಎಂದು ಹೇಳುವಾಗ? ‘ಮಿಯೊ ಪಾದ್ರೆ’. ಅಷ್ಟೆ. ‘ಇಲ್’ ಇಲ್ಲ. ನನ್ನ ತಾಯಿ, ‘ಮಿಯಾ ಮಾದ್ರೆ’. ನನ್ನ ಸಹೋದರ, ‘ಮಿಯೊ ಫ್ರಾತೆಲ್ಲೊ’. ನನ್ನ ಸಹೋದರಿ, ‘ಮಿಯಾ ಸೊರೆಲ್ಲಾ’. ರಕ್ತಸಂಬಂಧಿಯೋ ಮದುವೆಯ ಸಂಬಂಧಿಯೋ ಆದ ಒಬ್ಬರೇ ವ್ಯಕ್ತಿಯನ್ನು ಕುರಿತು ಹೇಳುವಾಗ ಆ ಪುಟ್ಟ ಪದ ಬಿದ್ದುಹೋಗುತ್ತದೆ. ಇದಕ್ಕೂ ಕೆಲವು ಅಪವಾದಗಳುಂಟು. ಒಬ್ಬರಲ್ಲ, ಹಲವರಾದರೆ ಅದು ಮತ್ತೆ ಬರುತ್ತದೆ; ‘ನನ್ನ ಸಹೋದರರು’ ಎನ್ನಲು ‘ಈ ಮಿಯೆಯಿ ಫ್ರಾತೆಲ್ಲಿ’. ಮುದ್ದಿನಿಂದ ‘ನನ್ನ ಪುಟ್ಟ ತಂಗಿ’ ಎಂದರೂ ಬರುತ್ತದೆ. ‘ಲಾ ಮಿಯಾ ಸೊರೆಲ್ಲೀನಾ’. ‘ಅವರ ತಂದೆ’ ಎನ್ನುವಾಗಲೂ ಇರಬೇಕು.

ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಂಗತಿ. ಮದುವೆ ಗೊತ್ತಾದ ಹುಡುಗಿ ತನ್ನ ವರನನ್ನು ‘ಇಲ್ ಮಿಯೊ ಫಿದಾಂತ್ಸಾತೊ’ ಎನ್ನುತ್ತಾಳೆ. ಅಲ್ಲಿ ‘ಇಲ್’ ಇದೆ. ಮದುವೆಯಾದ ಮೇಲೆ ಅವನೇ ‘ಮಿಯೊ ಮಾರೀತೊ’, ನನ್ನ ಗಂಡ. ಈಗ ‘ಇಲ್’ ಇಲ್ಲ. ನಿಶ್ಚಿತಾರ್ಥದವರೆಗೆ ಹೊರಗಿನವನು, ಮದುವೆಯಾದೊಡನೆ ಒಳಗಿನವನು! ವ್ಯಾಕರಣವೇ ಬಾಗಿಲಲ್ಲಿ ನಿಂತು ಮನೆಯವರು ಯಾರು, ಹೊರಗಿನವರು ಯಾರು ಎಂದು ಬೇರೆ ಮಾಡಿ ಒಳಗೆ ಬಿಡುತ್ತಿದೆ.

ಹುಡುಗ ಕೇಳಿದ: “ಇದೇನು ಸಾರ್ ಇಂಥ ವಿಚಿತ್ರ? ಪುಸ್ತಕಕ್ಕೆ ಒಂದು ನಿಯಮ, ಅಪ್ಪನಿಗೆ ಒಂದು ನಿಯಮವೆ?”

ನಾನು ಕೇಳಿದೆ: “ಹೊಲದ ಕಡೆ ಹೋದವರು ಯಾರು ಎಂದರೆ ನೀನು ಏನೆನ್ನುತ್ತೀಯಪ್ಪ?”

“ನಮ್ಮಪ್ಪ.”

“ನಿನಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆಯೆ?”

“ಇಲ್ಲ ಸಾರ್. ನಾನೊಬ್ಬನೇ.”

“ಹಾಗಾದರೆ ‘ನನ್ನಪ್ಪ’ ಎನ್ನದೆ ‘ನಮ್ಮಪ್ಪ’ ಎಂದೆಯೇಕೆ? ಪುಸ್ತಕ ನಿನ್ನದು ಒಂದೇ ಆದರೆ ‘ನನ್ನ ಪುಸ್ತಕ’ ಎನ್ನುತ್ತೀಯೆ. ಅಪ್ಪ ನಿನ್ನೊಬ್ಬನಿಗೇ ಅಪ್ಪನಾದರೂ ‘ನಮ್ಮಪ್ಪ’ ಎನ್ನುತ್ತೀಯೆ. ನಿನ್ನಲ್ಲಿಯೂ ಎರಡು ನಿಯಮಗಳಿವೆ.”

ಹುಡುಗ ನಕ್ಕ. ನಾನೂ ನಕ್ಕೆ. ಆದರೆ ಇಷ್ಟು ವರ್ಷ ಪಾಠ ಹೇಳಿಯೂ ಈ ಅಂಶವನ್ನು ನಾನು ತರಗತಿಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಇಟಲಿಯವರು ತಮ್ಮವರನ್ನು ಗುರುತಿಸಲು ಒಂದು ಪದವನ್ನು ಬಿಡುತ್ತಾರೆ. ನಾವು ಏಕವಚನವನ್ನು ಬಿಟ್ಟು ಬಹುವಚನವನ್ನು ಹಿಡಿಯುತ್ತೇವೆ. ‘ನಮ್ಮವ್ವ, ನಮ್ಮಣ್ಣ, ನಮ್ಮಜ್ಜ.’ ನೆಂಟನು ಯಾರೊಬ್ಬನ ಸೊತ್ತೂ ಅಲ್ಲ, ಮನೆಗೆ ಸೇರಿದವನು ಎಂಬ ಭಾವನೆ ಆ ‘ನಮ್ಮ’ದಲ್ಲಿ ಅಡಗಿದೆ. ಅವರಲ್ಲಿಯೂ ‘ಈ ಮಿಯೆಯಿ’ ಎಂದಷ್ಟೇ ಹೇಳಿ ಸುಮ್ಮನಾದರೆ, ‘ನನ್ನವರು’ ಎಂದು ಅಕ್ಷರಾರ್ಥವಾದರೂ, ನನ್ನ ತಂದೆತಾಯಿಗಳು, ನಮ್ಮ ಮನೆಯವರು ಎಂದೇ ತಾತ್ಪರ್ಯ.

ನಮ್ಮ ಭಾಷೆ ಇನ್ನೂ ಎರಡು ಕಡೆ ನೆಂಟರಿಗೆ ಬೇರೆ ಮಣೆ ಹಾಕಿದೆ. ಬಹುವಚನದಲ್ಲಿ ಮರಗಳು, ಮನೆಗಳು ಎನ್ನುವ ನಾವು ಅಣ್ಣಗಳು, ಅಕ್ಕಗಳು ಎನ್ನುವುದಿಲ್ಲ. ಅಣ್ಣಂದಿರು, ಅಕ್ಕಂದಿರು, ತಾಯಂದಿರು ಎನ್ನುತ್ತೇವೆ. ಈ ‘ಅಂದಿರು’ ಎಂಬ ಪ್ರತ್ಯಯ ಬಹುಮಟ್ಟಿಗೆ ನೆಂಟರಿಗಾಗಿಯೇ ಮೀಸಲು. ಇನ್ನೊಂದು, ಇಟಲಿಯವರು ‘ನಾನು ಇಬ್ಬರು ಸಹೋದರರನ್ನು ಹೊಂದಿದ್ದೇನೆ’ ಎಂಬಂತೆ ಹೇಳುತ್ತಾರೆ. ನಾವು ಹಾಗೆನ್ನುವುದಿಲ್ಲ. ‘ನನಗೆ ಇಬ್ಬರು ತಮ್ಮಂದಿರು’ ಎನ್ನುತ್ತೇವೆ. ಚತುರ್ಥೀ ವಿಭಕ್ತಿ. ತಮ್ಮಂದಿರು ನಾವು ಹೊಂದುವ ವಸ್ತುವಲ್ಲ, ನಮಗೆ ಆಗಬೇಕಾದವರು.

ಇನ್ನು ನೆಂಟರ ಹೆಸರುಗಳಿಗೆ ಬರೋಣ. ಪುಸ್ತಕದಲ್ಲಿ ‘ತ್ಸಿಯೊ’ ಎಂಬ ಪದವಿತ್ತು. ಅರ್ಥವೇನೆಂದು ನೋಡಿದರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ‘ತ್ಸಿಯೊ’. ದೊಡ್ಡವ್ವ, ಚಿಕ್ಕವ್ವ, ಸೋದರತ್ತೆ ಎಲ್ಲರೂ ‘ತ್ಸಿಯಾ’. ಅಣ್ಣನೂ ‘ಫ್ರಾತೆಲ್ಲೊ’, ತಮ್ಮನೂ ‘ಫ್ರಾತೆಲ್ಲೊ’. ಹಿರಿಯನೋ ಕಿರಿಯನೋ ತಿಳಿಯಬೇಕಾದರೆ ಇನ್ನೊಂದು ಮಾತನ್ನು ಸೇರಿಸಬೇಕು. ಎಲ್ಲಕ್ಕಿಂತ ಸ್ವಾರಸ್ಯದ ಪದ ‘ನಿಪೋತೆ’. ಮೊಮ್ಮಗ, ಮೊಮ್ಮಗಳು, ಅಣ್ಣನ ಮಗ, ತಂಗಿಯ ಮಗಳು ಇಷ್ಟೂ ಜನ ಆ ಒಂದೇ ಪದದಲ್ಲಿ ವಾಸವಾಗಿದ್ದಾರೆ. ಸಂಸ್ಕೃತ ಬಲ್ಲವರಿಗೆ ಈ ಪದ ಹೊಸದಲ್ಲ. ಮೊಮ್ಮಗನಿಗೆ ಸಂಸ್ಕೃತದಲ್ಲಿ ‘ನಪ್ತೃ’ ಎಂಬ ಹೆಸರುಂಟು. ಪಾದ್ರೆಗೆ ಪಿತೃ, ಮಾದ್ರೆಗೆ ಮಾತೃ, ಫ್ರಾತೆಲ್ಲೊಗೆ ಭ್ರಾತೃ ಹೇಗೋ, ನಿಪೋತೆಗೆ ನಪ್ತೃ ಹಾಗೆ ದೂರದ ದಾಯಾದಿ.

ಇಷ್ಟು ತಿಳಿದ ಮೇಲೆ ಹುಡುಗನಿಗೆ ಹೆಮ್ಮೆ ಬಂತು. “ನಮ್ಮ ಕನ್ನಡವೇ ಮೇಲು ಸಾರ್” ಎಂದ. ನಾನು ಅವಸರಪಡಬೇಡವೆಂದೆ. ‘ಮಾವ ಬಂದರು’ ಎಂದರೆ ತಾಯಿಯ ತಮ್ಮನೋ, ಹೆಂಡತಿಯ ತಂದೆಯೋ? ‘ಅಳಿಯ’ ಎಂದರೆ ಮಗಳ ಗಂಡನೋ, ಅಕ್ಕನ ಮಗನೋ? ಅವರಲ್ಲಿ ಹೆಣ್ಣು ಕೊಟ್ಟ ಮಾವ ‘ಸ್ವೋಚೆರೊ’, ಮಗಳ ಗಂಡ ‘ಜೆನೆರೊ’. ಅಲ್ಲಿ ಸಂದೇಹವೇ ಇಲ್ಲ. ಒಂದೊಂದು ಭಾಷೆ ಒಂದೊಂದು ಕಡೆ ದೀಪ ಹಚ್ಚಿಡುತ್ತದೆ. ನಮ್ಮ ಹಿರಿಯರು ಅಕ್ಕನ ಮಗನಿಗೂ ಮಗಳ ಗಂಡನಿಗೂ ಒಂದೇ ಹೆಸರಿಟ್ಟದ್ದು ಮರೆವಿನಿಂದಲ್ಲ. ಹಿಂದೆ ಎಷ್ಟೋ ಮನೆಗಳಲ್ಲಿ ಅವರಿಬ್ಬರೂ ಒಬ್ಬನೇ ಆಗುತ್ತಿದ್ದುದರಿಂದ. ಚಿಕ್ಕಪ್ಪನೂ ಅಪ್ಪನೇ, ಆದುದರಿಂದ ಅವನ ಮಕ್ಕಳು ಅಣ್ಣತಮ್ಮಂದಿರು. ಚಿಕ್ಕವ್ವನೂ ಅವ್ವನೇ, ಅವಳ ಮಕ್ಕಳೂ ಅಕ್ಕತಂಗಿಯರು. ಆದರೆ ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಯಾರೊಡನೆ ಸಂಬಂಧ ಬೆಳೆಸಬಹುದು, ಯಾರೊಡನೆ ಕೂಡದು ಎಂಬ ಕಟ್ಟಳೆಯೆಲ್ಲ ಕರೆಯುವ ಹೆಸರಿನಲ್ಲಿಯೇ ಇತ್ತು. ಇಂದು ಆ ಸಂಬಂಧಗಳನ್ನು ಬಿಟ್ಟವರು ಬಹಳ. ಬಿಡಲಿ, ಅದರಲ್ಲಿ ತಪ್ಪಿಲ್ಲ. ಹೆಸರುಗಳನ್ನೂ ಬಿಡಬೇಕೆ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ಏಕೆಂದರೆ, ಇಟಲಿಯವರಿಗೂ ಒಂದು ಕಾಲದಲ್ಲಿ ಈ ಹೆಸರುಗಳಿದ್ದುವು. ಇಟಾಲಿಯನ್ ಭಾಷೆಯ ತಾಯಿ ಲ್ಯಾಟಿನ್. ಲ್ಯಾಟಿನಿನಲ್ಲಿ ತಂದೆಯ ಸಹೋದರ ‘ಪತ್ರುವುಸ್’, ತಾಯಿಯ ಸಹೋದರ ‘ಅವುಂಕುಲುಸ್’, ತಂದೆಯ ಸಹೋದರಿ ‘ಅಮಿತಾ’, ತಾಯಿಯ ಸಹೋದರಿ ‘ಮಾತೆರ್ತೆರಾ’. ನಾಲ್ವರಿಗೆ ನಾಲ್ಕು ಹೆಸರು. ಮಗಳಾದ ಇಟಾಲಿಯನ್ ಭಾಷೆ ಈ ನಾಲ್ಕನ್ನೂ ಬಿಟ್ಟು, ಗ್ರೀಕಿನಿಂದ ಬಂದ ಒಂದು ಪದವನ್ನು ಹಿಡಿದು, ‘ತ್ಸಿಯೊ’, ‘ತ್ಸಿಯಾ’ ಎಂದು ಎರಡರಲ್ಲಿ ಮುಗಿಸಿತು. ಪಕ್ಕದ ಫ್ರೆಂಚರು ಆ ಅವುಂಕುಲುಸ್, ಅಮಿತಾ ಎಂಬ ಎರಡನ್ನು ಉಳಿಸಿಕೊಂಡು, ತೇಯಿಸಿ ಇಂಗ್ಲಿಷಿಗೆ ಕೊಟ್ಟರು. ಆ ತೇದ ತುಣುಕುಗಳೇ ಇಂದು ನಮ್ಮ ಪೇಟೆಯ ಮನೆಗಳಲ್ಲಿ ಮಕ್ಕಳ ಬಾಯಲ್ಲಿರುವ ‘ಅಂಕಲ್’ ಮತ್ತು ‘ಆಂಟಿ’.

ಎಂದರೆ, ‘ಅಂಕಲ್’ ಹುಟ್ಟಿನಿಂದ ಸೋದರಮಾವ. ‘ಆಂಟಿ’ ಹುಟ್ಟಿನಿಂದ ಸೋದರತ್ತೆ. ನಮ್ಮ ಮಗು ಎದುರು ಮನೆಯವರನ್ನೂ, ಔಷಧದ ಅಂಗಡಿಯವರನ್ನೂ, ಸ್ವಂತ ಚಿಕ್ಕಪ್ಪನನ್ನೂ ಅದೇ ಹೆಸರಿನಿಂದ ಕರೆಯುತ್ತಿದೆ. ಲ್ಯಾಟಿನಿನ ನಾಲ್ಕು ಹೆಸರುಗಳು ಒಂದು ದಿನದಲ್ಲಿ ಸತ್ತಿರಲಾರವು. ಒಂದು ತಲೆಮಾರು ಅಷ್ಟಾಗಿ ಬಳಸಲಿಲ್ಲ. ಮುಂದಿನದು ಅಷ್ಟಾಗಿ ಕೇಳಲಿಲ್ಲ. ಅದರ ಮುಂದಿನದಕ್ಕೆ ತಿಳಿಯಲೇ ಇಲ್ಲ. ನಮ್ಮಲ್ಲಿ ಆರು ಹೆಸರುಗಳಿವೆ: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ದೊಡ್ಡವ್ವ, ಚಿಕ್ಕವ್ವ, ಸೋದರತ್ತೆ. ಅವು ಯಾವ ತಲೆಮಾರಿನ ಹತ್ತಿರ ನಿಂತಿವೆ ಎಂಬುದನ್ನು ನಿಮ್ಮ ನಿಮ್ಮ ಮನೆಯಲ್ಲಿಯೇ ನೋಡಿಕೊಳ್ಳಬಹುದು.

ಇನ್ನು ಎರಡನೆಯ ಪಾಠ, ನಾಳೆಯ ಮಾತು.

ಇಟಾಲಿಯನ್ನಿನಲ್ಲಿ ಭವಿಷ್ಯತ್ಕಾಲಕ್ಕೆ ಬೇರೆಯೇ ರೂಪಗಳುಂಟು. ‘ವೆರ್ರೋ’ ಎಂದರೆ ಬರುವೆನು; ‘ವೆರ್ರಾ’ ಎಂದರೆ ಬರುವನು. ಇವನ್ನು ಹುಡುಗ ಬಾಯಿಪಾಠ ಮಾಡಿದ್ದ. ಆದರೆ ಮುಂದಿನ ಪುಟದಲ್ಲಿಯೇ, ನಿತ್ಯದ ಮಾತಿನಲ್ಲಿ ನಾಳೆಯ ಸಂಗತಿಗೂ ವರ್ತಮಾನಕಾಲವನ್ನೇ ಬಳಸುವುದು ವಾಡಿಕೆ ಎಂದು ಬರೆದಿತ್ತು. ‘ದೊಮಾನಿ ಅರ್ರೀವಾ ಮಿಯೊ ಫ್ರಾತೆಲ್ಲೊ’, ನಾಳೆ ನನ್ನ ಸಹೋದರ ಬರುತ್ತಾನೆ. ಹುಡುಗನಿಗೆ ಸಿಟ್ಟು ಬಂದದ್ದು ಇದಕ್ಕೇ. “ಹಾಗಾದ್ರೆ ಭವಿಷ್ಯತ್ಕಾಲ ಯಾಕೆ ಕಲಿಸಿದ್ರು?”

ನಾವು ಮಾಡುವುದೂ ಇದನ್ನೇ ಅಲ್ಲವೆ? 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಗಳಿಗೆ ಮೂರು ಪ್ರತ್ಯಯಗಳನ್ನು ಹೇಳಿದ್ದಾನೆ: ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’. ನೋಡಿದಂ, ನೋಡಿದಪಂ, ನೋಡುವಂ. ಹೊಸಗನ್ನಡದಲ್ಲಿ ‘ದಪ’ ಹೋಗಿ ‘ಉತ್ತ’ ಬಂದಿತು. ‘ವ’ ಉಳಿಯಿತು; ಆದರೆ ಉಳಿದದ್ದು ಹೆಚ್ಚಾಗಿ ಗ್ರಂಥದಲ್ಲಿ. ಮನೆಯಲ್ಲಿ ಯಾರೂ ‘ನಾಳೆ ಸಂತೆಗೆ ಹೋಗುವೆನು’ ಎನ್ನುವುದಿಲ್ಲ, ‘ಹೋಗ್ತೀನಿ’ ಎನ್ನುತ್ತಾರೆ. ‘ನಾಳೆ’, ‘ನಾಡಿದ್ದು’, ‘ಬರೋ ಸೋಮವಾರ’ ಎಂಬ ಮಾತುಗಳೇ ಕಾಲವನ್ನು ತಿಳಿಸಿಬಿಡುವುದರಿಂದ ಕ್ರಿಯಾಪದ ವರ್ತಮಾನದಲ್ಲಿದ್ದರೂ ಗೊಂದಲವಿಲ್ಲ.

ಇಷ್ಟೇ ಅಲ್ಲ, ನಾಳೆಯ ಮಾತನ್ನು ನಾವು ಭೂತಕಾಲದಲ್ಲಿಯೂ ಹೇಳುತ್ತೇವೆ. ಆಟವಾಡುತ್ತಿರುವ ಮಗುವನ್ನು ತಾಯಿ ಕರೆದರೆ ಅದು ‘ಬಂದೆ’ ಎಂದು ಕೂಗುತ್ತದೆ. ಇನ್ನೂ ಆಟದಿಂದ ಎದ್ದೇ ಇಲ್ಲ! ‘ಅಪ್ಪ ಬಂದ ಮೇಲೆ ಊಟ ಮಾಡ್ತೀವಿ’ ಎನ್ನುತ್ತೇವೆ. ಅಪ್ಪ ಇನ್ನೂ ಬಂದಿಲ್ಲ, ಮಾತಿನಲ್ಲಿ ಮಾತ್ರ ಆಗಲೇ ಬಂದಾಗಿದೆ. ಇಟಲಿಯವರು ಇಂಥ ಕಡೆ ಎರಡು ಕ್ರಿಯೆಗಳನ್ನೂ ಭವಿಷ್ಯತ್ತಿನಲ್ಲಿಡುವುದುಂಟು: ‘ತಂದೆ ಯಾವಾಗ ಬರುವರೋ ಆಗ ಉಣ್ಣುವೆವು’ ಎಂಬಂತೆ.

ಹಾಗಾದರೆ ಅವರ ಆ ಭವಿಷ್ಯದ್ರೂಪಕ್ಕೆ ಕೆಲಸವಿಲ್ಲವೆ? ಇದೆ. ಊಹೆಯನ್ನು ಹೇಳುವುದು ಅದರ ಒಂದು ಕೆಲಸ. ಬಾಗಿಲು ಬಡಿದ ಸದ್ದಾದರೆ ಅವರು ‘ಸರಾ ಮಿಯೊ ತ್ಸಿಯೊ’ ಎನ್ನುತ್ತಾರೆ. ‘ಸರಾ’ ಭವಿಷ್ಯತ್ತು. ಆದರೆ ಅರ್ಥ ‘ನನ್ನ ಚಿಕ್ಕಪ್ಪನಾಗುವನು’ ಎಂದಲ್ಲ. ‘ಚಿಕ್ಕಪ್ಪ ಇರಬೇಕು’ ಎಂದು. ಗಂಟೆ ಎಷ್ಟೆಂದು ನಿಶ್ಚಯವಿಲ್ಲದಿದ್ದರೆ ‘ಸರಾನ್ನೊ ಲೆ ಓತ್ತೊ’, ಎಂಟಾಗಿದ್ದೀತು. ನಾಳೆಯೂ ಊಹೆಯೇ, ಕದದ ಆಚೆ ಇರುವವರೂ ಊಹೆಯೇ. ಎರಡಕ್ಕೂ ಒಂದೇ ರೂಪ ಸಾಕೆಂದು ಆ ಭಾಷೆ ತೀರ್ಮಾನಿಸಿತು.

ಈ ರೂಪದ ಹುಟ್ಟಿನ ಕತೆಯನ್ನೂ ಹೇಳಿಬಿಡುತ್ತೇನೆ. ಲ್ಯಾಟಿನಿನಲ್ಲಿ ‘ಹಾಡುವನು’ ಎನ್ನಲು ‘ಕಂತಾಬಿತ್’, ‘ಹಾಡಿದನು’ ಎನ್ನಲು ‘ಕಂತಾವಿತ್’. ಕಾಲಾಂತರದಲ್ಲಿ ಜನರ ಬಾಯಲ್ಲಿ ‘ಬ’ಕಾರ ‘ವ’ಕಾರಗಳು ಒಂದಾಗಿಹೋದವು. ಹಾಡುವವನೂ ಹಾಡಿದವನೂ ಒಂದೇ ಆದರು. ಆಗ ಜನ ಹಳೆಯ ಭವಿಷ್ಯದ್ರೂಪವನ್ನು ಕೈಬಿಟ್ಟು, ‘ಹಾಡಲು ಉಂಟು ನನಗೆ’ ಎಂಬರ್ಥದ ‘ಕಂತಾರೆ ಹಾಬೆಯೊ’ ಎಂಬ ಎರಡು ಪದಗಳನ್ನು ಬಳಸತೊಡಗಿದರು. ಅವೆರಡೂ ಬೆಸೆದು ‘ಕಾಂತೆರೋ’ ಆಯಿತು. ‘ನಾಳೆ ಜಗಳೂರಿಗೆ ಹೋಗುವುದಿದೆ’ ಎಂದು ನಾವು ಹೇಳುವುದಿಲ್ಲವೆ, ಹಾಗೆ. ಭಾಷೆಯಲ್ಲಿ ಒಂದು ಭೇದ ಅಳಿದಾಗ, ಅದು ಬೇಕೇಬೇಕೆಂದು ಜನಕ್ಕೆ ಅನ್ನಿಸಿದರೆ, ಹೊಸದನ್ನು ಕಟ್ಟಿಕೊಳ್ಳುತ್ತಾರೆ, ಬೇಡವೆನ್ನಿಸಿದರೆ ಬಿಟ್ಟುಬಿಡುತ್ತಾರೆ. ನಾಳೆಯನ್ನು ಅವರು ಮತ್ತೆ ಕಟ್ಟಿಕೊಂಡರು, ಸೋದರಮಾವನನ್ನು ಬಿಟ್ಟುಕೊಟ್ಟರು.

ಈಗ ನಮ್ಮಲ್ಲಿ ಅಳಿಯುತ್ತಿರುವ ಒಂದು ರೂಪಕ್ಕೆ ಬರುತ್ತೇನೆ. ಅದು ಸಂಭಾವನಾರ್ಥಕ. ಬಂದೇನು, ಬಂದೇವು, ಬಂದೀಯೆ, ಬಂದೀರಿ, ಬಂದಾನು, ಬಂದಾಳು, ಬಂದಾರು, ಬಂದೀತು, ಬಂದಾವು. ‘ಬರುತ್ತಾನೆ’ ಎಂದರೆ ನಿಶ್ಚಯ. ‘ಬಂದಾನು’ ಎಂದರೆ ಬಂದರೂ ಬರಬಹುದು, ನಂಬಿ ಕೂಡಬೇಡ. ಇದಕ್ಕಾಗಿ ಇಟಲಿಯವರು ‘ಫೋರ್ಸೆ’ ಎಂಬ, ನಮ್ಮ ‘ಪ್ರಾಯಶಃ’ದಂಥ ಬಿಡಿಪದವನ್ನು ಸೇರಿಸುವುದೇ ಹೆಚ್ಚು. ನಮ್ಮಲ್ಲಿ ಕ್ರಿಯಾಪದದ ಬಾಲವೇ ಆ ಕೆಲಸವನ್ನು ಮಾಡುತ್ತದೆ. ನಮ್ಮ ಸೀಮೆಯ ಒಕ್ಕಲುಮಗ ಮುಗಿಲನ್ನು ನೋಡಿ ‘ಮಳೆ ಬಂದೀತು’ ಎನ್ನುತ್ತಾನೆ. ‘ಬರುತ್ತೆ’ ಎಂದು ಆಣೆಯಿಟ್ಟು ಹೇಳಲು ಅವನಿಗೆ ಧೈರ್ಯವಿಲ್ಲ. ಕಟ್ಟೆಯ ಮೇಲೆ ಓಡುವ ಕೂಸಿಗೆ ಅಜ್ಜಿ ‘ಬಿದ್ದೀಯ, ಜೋಕೆ’ ಎನ್ನುತ್ತಾಳೆ. ‘ಬೀಳ್ತೀಯ’ ಎಂದು ಅವಳು ಬಾಯಿ ಬಿಟ್ಟು ಹೇಳಲಾರಳು. ಆಸೆ, ಅಂಜಿಕೆ, ಅಳತೆ ಮೂರೂ ಆ ಬಾಲದಲ್ಲಿವೆ.

ಇಷ್ಟು ಬೆಲೆಯುಳ್ಳ ರೂಪವನ್ನು ನಾನು ತರಗತಿಯಲ್ಲಿ ಹೇಗೆ ಕಲಿಸುತ್ತಿದ್ದೆ? “ಸಂಭಾವನಾರ್ಥಕ. ಒಂದು ಅಂಕದ ಪ್ರಶ್ನೆ ಬರುತ್ತದೆ, ನೆನಪಿಟ್ಟುಕೊಳ್ಳಿ” ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಇದರ ಫಲವನ್ನು ಕಂಡದ್ದು ಹುಡುಗ ಇಟಲಿಗೆ ಹೋದ ಮಾರನೆಯ ವರ್ಷ.

ಆ ವರ್ಷ ಯುಗಾದಿಗೆ ಮುಂಚೆ ಅವನು ತಾಯಿಗೆ ಫೋನು ಮಾಡಿದ. ತಾಯಿ, “ಹಬ್ಬಕ್ಕೆ ಬತ್ತೀಯೇನಪ್ಪ?” ಎಂದಳಂತೆ. ಅವನು, “ಬರ್ತೀನವ್ವ” ಎಂದನಂತೆ. ಆಕೆ ಮನೆಗೆ ಸುಣ್ಣ ಬಳಿಸಿದಳು. ಹೋಳಿಗೆಗೆ ಕಡಲೆಬೇಳೆ ತಂದಳು. ಹಬ್ಬದ ಹಿಂದಿನ ದಿನ ಜಗಳೂರಿನಿಂದ ಬರುವ ಕೊನೆಯ ಬಸ್ಸಿನವರೆಗೂ ಕಾದಳು. ಹಬ್ಬದ ಮಾರನೆಯ ಸಂಜೆ ನಮ್ಮ ಕಡೆ ಹೊಸ ಚಂದ್ರನನ್ನು ನೋಡಿ ಕಿರಿಯರು ಹಿರಿಯರ ಕಾಲಿಗೆ ನಮಸ್ಕರಿಸುವ ಪದ್ಧತಿ. ಆ ಸಂಜೆ ಆಕೆಯ ಕಾಲು ಮುಟ್ಟಲು ಮಗನಿರಲಿಲ್ಲ. ನಮ್ಮ ಮನೆಗೆ ಬಂದು, “ಮೇಷ್ಟ್ರೆ, ಬರ್ತೀನಿ ಅಂದಿದ್ದ. ಸುಳ್ಳು ಹೇಳೋ ಮಗ ಅಲ್ಲ ಅವನು. ಅವನಿಗೇನಾದ್ರೂ ಆಗಿದೆಯಾ?” ಎಂದು ಅತ್ತಳು.

ನಾನು ಫೋನು ಮಾಡಿಸಿದೆ. ಹುಡುಗನಿಗೆ ಏನೂ ಆಗಿರಲಿಲ್ಲ. ಪರೀಕ್ಷೆಯಿತ್ತು, ರಜೆ ಸಿಕ್ಕಿರಲಿಲ್ಲ. ಅವ್ವ ಬೇಜಾರು ಮಾಡಿಕೊಂಡಾಳೆಂದು ಅದನ್ನು ತಿಳಿಸಲು ಹಿಂದೆಮುಂದೆ ನೋಡಿದ್ದ.

“ಬರುವುದು ಖಂಡಿತವಾಗಿತ್ತೇನಪ್ಪ?”

“ಇಲ್ಲ ಸಾರ್. ರಜೆ ಸಿಕ್ರೆ ಬರೋಣ ಅಂತ ಮನಸ್ಸಿನಲ್ಲಿತ್ತು.”

“ಹಾಗಾದರೆ ‘ಬಂದೇನು’ ಎನ್ನಬೇಕಾಗಿತ್ತು.”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಆ ಮಾತು ಬಾಯಿಗೆ ಬರಲಿಲ್ಲ ಸಾರ್. ಅದು ಒಂದು ಅಂಕದ ಪ್ರಶ್ನೆ ಅಂದಿದ್ರಲ್ಲ” ಎಂದ. ಕೊಂಕಿನಿಂದ ಹೇಳಿದ್ದಲ್ಲ. ಇದ್ದುದನ್ನೇ ಹೇಳಿದ. ನನಗೆ ಉತ್ತರ ತಿಳಿಯಲಿಲ್ಲ.

ಅವನು ಸುಳ್ಳು ಹೇಳಿರಲಿಲ್ಲ. ಆಕೆ ತಪ್ಪು ತಿಳಿದಿರಲಿಲ್ಲ. ಅವನಲ್ಲಿ ಆಸೆಗೂ ಭಾಷೆಗೂ, ಎಂದರೆ ಕೊಟ್ಟ ವಚನಕ್ಕೂ, ಒಂದೇ ರೂಪ ಉಳಿದಿತ್ತು. ಆಕೆಯಲ್ಲಿ ಇನ್ನೂ ಎರಡಿದ್ದವು. ಮಗ ‘ಬಂದೇನು’ ಎನ್ನದೆ ‘ಬರ್ತೀನಿ’ ಎಂದದ್ದರಿಂದ ಆಕೆ ಅದನ್ನು ಮಾತು ಕೊಟ್ಟಂತೆಯೇ ತೆಗೆದುಕೊಂಡಳು. ಒಂದು ಪ್ರತ್ಯಯದ ಎರಡು ದಡಗಳಲ್ಲಿ ತಾಯಿಯೂ ಮಗನೂ ನಿಂತಿದ್ದರು.

ಆ ವರ್ಷ ದೀಪಾವಳಿಯ ಹೊತ್ತಿಗೆ ಆಕೆ ಮತ್ತೆ ನಮ್ಮ ಮನೆಗೆ ಬಂದಳು. ಮುಖ ಗೆಲುವಾಗಿತ್ತು. “ಫೋನು ಮಾಡಿದ್ದ ಮೇಷ್ಟ್ರೆ. ‘ರಜೆ ಸಿಕ್ಕರೆ ಬಂದೇನವ್ವ’ ಅಂದ. ಕಡಲೆಬೇಳೆ ತಂದಿಟ್ಟಿದೀನಿ, ನೆನೆ ಹಾಕಿಲ್ಲ. ಬಂದ್ರೆ ಆವಾಗ ಹಾಕಿದ್ರಾಯ್ತು” ಎಂದಳು. ಆ ಹಬ್ಬಕ್ಕೂ ಅವನು ಬರಲಿಲ್ಲ. ಆದರೆ ಆ ಸಲ ಆಕೆ ಬಸ್ಸಿಗೆ ಕಾಯಲಿಲ್ಲ, ಅಳಲೂ ಇಲ್ಲ. ಮುಂದಿನ ವರ್ಷದ ಬೇಸಿಗೆಗೆ ಮುಂಚೆ ಅವನು “ಟಿಕೀಟು ತೆಗೆದಾಯ್ತು, ಬರ್ತೀನಿ” ಎಂದ, ಬಂದ. ಆ ‘ಬರ್ತೀನಿ’ಗೆ ಅಷ್ಟು ಹೊತ್ತಿಗೆ ಮತ್ತೆ ಬೆಲೆ ಬಂದಿತ್ತು.

ಶ್ರೋತೃಗಳೆ, ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂದು ಹೇಳಲು ನಾನು ಬಂದವನಲ್ಲ. ಪರಭಾಷೆಯ ವ್ಯಾಕರಣವನ್ನು ಓದಿದರೆ ನಮ್ಮ ಮನೆಯಲ್ಲಿ ಏನೇನಿದೆ ಎಂದು ತಿಳಿಯುತ್ತದೆ. ದಿನವೂ ಬಳಸುವ ಪಾತ್ರೆಯ ಬೆಲೆ ನೆರೆಯವರು ಎರವಲು ಕೇಳಿದಾಗಲೇ ಗೊತ್ತಾಗುವುದು. ನಿಮ್ಮ ಮಕ್ಕಳು ಇಂಗ್ಲಿಷು ಕಲಿಯಲಿ, ಇಟಾಲಿಯನ್ ಕಲಿಯಲಿ, ಯಾವುದೇ ನುಡಿಯನ್ನು ಕಲಿಯಲಿ. ಜೊತೆಗೆ ಎರಡು ಕೆಲಸಗಳನ್ನು ಮನೆಯಲ್ಲಿ ಮಾಡಿ. ನೆಂಟರು ಬಂದಾಗ ‘ಅಂಕಲ್‌ಗೆ ನಮಸ್ಕಾರ ಮಾಡು’ ಎನ್ನುವ ಬದಲು ‘ಇವರು ನಿನ್ನ ಸೋದರಮಾವ, ಇವರು ನಿನ್ನ ಚಿಕ್ಕಪ್ಪ’ ಎಂದು ಹೆಸರಿಟ್ಟು ಹೇಳಿ. ನಿಶ್ಚಯವಿಲ್ಲದ ಕಡೆ ‘ಬಂದೇನು, ಕೊಟ್ಟೇನು, ಆದೀತು’ ಎಂದು ನೀವೇ ಮಕ್ಕಳ ಎದುರು ಆಡಿ. ಮಕ್ಕಳು ಪುಸ್ತಕದಿಂದ ಕಲಿಯುವುದಕ್ಕಿಂತ ಕಿವಿಯಿಂದ ಕಲಿಯುವುದು ಹೆಚ್ಚು. ನಾನಂತೂ ಸಂಭಾವನಾರ್ಥಕದ ಪಾಠಕ್ಕೆ ಈಗ ಒಂದು ಪೂರ್ತಿ ತರಗತಿಯನ್ನು ಕೊಡುತ್ತಿದ್ದೇನೆ. ಅಂಕದ ಮಾತನ್ನು ಎತ್ತುವುದಿಲ್ಲ.

ಕೊನೆಯದಾಗಿ ಒಂದು ಮಾತು. ಇಟಲಿಯವರು ಬೀಳ್ಕೊಳ್ಳುವಾಗ ‘ಅರ್ರಿವೆದೇರ್ಚಿ’ ಎನ್ನುತ್ತಾರೆ. ‘ಮತ್ತೆ ಒಬ್ಬರನ್ನೊಬ್ಬರು ಕಾಣುವವರೆಗೆ’ ಎಂದು ಅದರ ಅರ್ಥ. ನಾವು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎಂದರೆ ಹಿರಿಯರು ಗದರಿಸುತ್ತಾರೆ. ‘ಹೋಗಿ ಬರುತ್ತೇನೆ’ ಎನ್ನಬೇಕು. ಹೋಗುವುದು ಆಗಲೇ ಮುಗಿದ ಕ್ರಿಯೆಯಂತೆ ಹಿಂದೆ ನಿಂತಿತು. ಬರುವುದು ಮಾತ್ರ ಮುಂದಿನ ಮಾತಾಯಿತು. ನಾಳೆಯೂ ನಮ್ಮವರೂ ಇಲ್ಲಿ ಒಂದೇ ಮಾತಿನಲ್ಲಿ ಕೂಡಿದ್ದಾರೆ. ಹುಡುಗ ಮೊದಲ ಸಲ ಇಟಲಿಗೆ ಹೊರ

ಟ ದಿನ ತಾಯಿಯ ಕಾಲು ಮುಟ್ಟಿ ಹೇಳಿದ್ದೂ ಅದನ್ನೇ. ಇಲ್ಲಿ ‘ಬಂದೇನು’ ಸಲ್ಲದು. ಎಷ್ಟೇ ದೂರ ಹೋಗುವವನೂ ಇದೊಂದನ್ನು ನಿಶ್ಚಯವಾಗಿಯೇ ಹೇಳಬೇಕು, ಹೇಳಿದ ಮೇಲೆ ನಡೆಸಬೇಕು.

ನಾನೂ ಹೋಗಿ ಬರುತ್ತೇನೆ.